ಜೋಶಿ ಒಂದೇ ಮ್ಯಾಚಿನ ಹುಲಿಯೇ?

ಅಲ್ರೀ, ಸುನೀಲ್ ಜೋಶಿ ಅಂದಕೂಡಲೇ ಎಲ್ಲರೂ "10-6-6-5" ಅಂತ ಕ್ವಿಜ್ ಉತ್ತರ ಒಪ್ಪಿಸಿ ಸುಮ್ಮನಾಗ್ತೀರಲ್ಲ! 1999, ನೈರೋಬಿ, ದಕ್ಷಿಣ ಆಫ್ರಿಕಾ 117ಕ್ಕೆ ಆಲೌಟ್. ಸರಿ. ಆದರೆ "ಅವತ್ತೊಂದಿನ ಅದೃಷ್ಟ ಖುಲಾಯಿಸ್ತು" ಅನ್ನೋರ ಮೇಲೆ ನನ್ನದೊಂದು ತಕರಾರಿದೆ.

ಗದಗಿನ ಈ ಹುಡುಗ ನಸುಕಿನಲ್ಲೇ ಹುಬ್ಬಳ್ಳಿಗೆ ಹೋಗಿ ಪ್ರಾಕ್ಟೀಸ್ ಮಾಡಿ, ಶಾಲೆ ಹೊತ್ತಿಗೆ ವಾಪಸ್ ಊರಿಗೆ ಬರ್ತಿದ್ದ. ಹತ್ತಿರ ಹತ್ತಿರ 60 ಕಿಲೋಮೀಟರ್, ಅದೂ ಒಂದು ಕಡೆಗೆ! 1995-96ರ ಒಂದೇ ರಣಜಿ ಸೀಸನ್ನಿನಲ್ಲಿ 500ಕ್ಕೂ ಹೆಚ್ಚು ರನ್, 50ಕ್ಕೂ ಹೆಚ್ಚು ವಿಕೆಟ್. ಕಪ್ಪು ಕರ್ನಾಟಕಕ್ಕೆ. ಪ್ರಥಮ ದರ್ಜೆಯಲ್ಲಿ ಒಟ್ಟು 615 ವಿಕೆಟ್. ಅದೃಷ್ಟ ಅಷ್ಟು ವರ್ಷ ಬೌಲಿಂಗ್ ಮಾಡ್ತದೇನ್ರೀ?

2000ದ ನವೆಂಬರಿನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶದ ಮೊಟ್ಟಮೊದಲ ಟೆಸ್ಟ್: 92 ರನ್, ಎಂಟು ವಿಕೆಟ್, ಪಂದ್ಯಶ್ರೇಷ್ಠ. ಅದೇ ತಿಂಗಳು ಆಡಿದ್ದೇ ಅವರ ಕೊನೇ ಟೆಸ್ಟ್. ಒಟ್ಟು 15. ಮುಂದಿನ ವರ್ಷ ಹರ್ಭಜನ್ ಬಂದು ಆಸ್ಟ್ರೇಲಿಯಾದ 32 ವಿಕೆಟ್ ಕಿತ್ತರು, ಅದಕ್ಕೆ ನನ್ನ ಜಗಳ ಇಲ್ಲ.

ಜಗಳ ಇರೋದು ನಮ್ಮ ಬ್ಲಾಗಿಗರ ಜೊತೆ. ದ್ರಾವಿಡ್, ಕುಂಬ್ಳೆ ಬಗ್ಗೆ ಪುಟಗಟ್ಟಲೆ (ಬರೀರಿ, ಬ್ಯಾಡ ಅನ್ನಲ್ಲ), ಜೋಶಿಗೆ ಮಾತ್ರ ಒಂದು ಸಾಲು! ಇಲ್ಲಿ ಅಮ್ಮಿನಬಾವಿಯಲ್ಲಿ ಕಿಟ್ ಹೊತ್ಕೊಂಡು ಬೆಳಗಿನ ಬಸ್ಸಿಗೆ ಕಾಯೋ ಹುಡುಗರಿಗೆ ಯಾರ ಕಥೆ ಹೇಳ್ಬೇಕು, ನೀವೇ ಹೇಳ್ರಿ.