ಗುಣವಾದುದು ಯಾವ ಮದ್ದಿನಿಂದ?

ಹಾಸನದ ಕಟ್ಟಾಯದಿಂದ ಹೊರಟು, ಅರಕಲಗೂಡಿನ ಮಾರ್ಗವಾಗಿ ದಕ್ಷಿಣಕ್ಕೆ ಸಾಗಿ ಕಾವೇರಿಯನ್ನು ದಾಟಿದರೆ ಬೈಲುಕುಪ್ಪೆಯ ಸೀಮೆ. 1959ರ ದಂಗೆಯ ತರುವಾಯ ಹಿಮಾಲಯವನ್ನು ದಾಟಿ ಬಂದ ಟಿಬೆಟ್ಟಿನ ನಿರಾಶ್ರಿತರಿಗೆ ಮೈಸೂರು ಸರ್ಕಾರವು ಅಲ್ಲಿ ನೆಲವನ್ನಿತ್ತಿತು. 1960ರ ದಶಕದ ಆರಂಭದಲ್ಲಿ ಬಂದವರು ಕಾಡು ಕಡಿದರು, ಮುಸುಕಿನ ಜೋಳ ಬಿತ್ತಿದರು. ನೆಲವನ್ನು ಅಳೆದು ಕೊಡಬಹುದು. ಎದೆಯೊಳಗೆ ಹೊತ್ತು ತಂದ ಭಯವನ್ನು ಅಳೆಯುವುದೆಂತು? ಅದು ವಾಸಿಯಾಯಿತೆಂದು ತಿಳಿಯುವುದೆಂತು?

ಕಟ್ಟಾಯದ ಕಡೆ ಮಗುವಿಗೆ ಜ್ವರ ಬಂದರೆ ಅಜ್ಜಿ ದೇವರಿಗೆ ಮುಡಿಪು ಕಟ್ಟುತ್ತಾಳೆ, ತಾಯಿ ಕಷಾಯ ಕುಡಿಸುತ್ತಾಳೆ, ತಂದೆ ಡಾಕ್ಟರ ಗುಳಿಗೆ ತರುತ್ತಾನೆ. ನಾಲ್ಕನೆಯ ದಿನ ಜ್ವರ ಬಿಟ್ಟರೆ ಮೂವರೂ ಗೆದ್ದವರೇ! ಏನನ್ನೂ ಮಾಡದಿದ್ದರೂ ಬಿಡುತ್ತಿತ್ತೇನೋ ಎಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರುವುದಿಲ್ಲ.

ನಿರಾಶ್ರಿತರ ಮನೋವ್ಯಾಧಿಯ ವಿಷಯದಲ್ಲಿ ಆ ಪ್ರಶ್ನೆಯನ್ನು ಕೇಳಿದವರು ಜರ್ಮನಿಯ ಮನಶ್ಶಾಸ್ತ್ರಜ್ಞ ಫ್ರಾಂಕ್ ನಾಯ್ನರ್ ಮತ್ತು ಸಂಗಡಿಗರು. ಉಗಾಂಡದಲ್ಲಿ ನೆಲೆಸಿದ್ದ 43 ಮಂದಿ ಸುಡಾನಿನ ನಿರಾಶ್ರಿತರನ್ನು ಅವರು ಮೂರು ತಂಡಗಳಾಗಿ ಮಾಡಿದರು. ಯಾರಿಗೆ ಯಾವ ತಂಡವೆಂಬುದನ್ನು ಚೀಟಿಯೆತ್ತಿದಂತೆ ಅದೃಷ್ಟಕ್ಕೆ ಬಿಟ್ಟರು. ಒಂದು ತಂಡದವರು ಹುಟ್ಟಿದಂದಿನಿಂದ ಇಂದಿನವರೆಗಿನ ಬಾಳಕಥೆಯನ್ನು, ಘೋರ ಪ್ರಸಂಗಗಳನ್ನೂ ಬಿಡದೆ, ನಾಲ್ಕು ಸಲ ಕುಳಿತು ಹೇಳಿಕೊಂಡರು. ಎರಡನೆಯ ತಂಡಕ್ಕೆ ಸಾಂತ್ವನದ ಮಾತುಕತೆ. ಮೂರನೆಯದಕ್ಕೆ ವ್ಯಾಧಿಯ ತಿಳಿವಳಿಕೆ ಮಾತ್ರ. ವರ್ಷದ ಮೇಲೆ ವ್ಯಾಧಿ ಉಳಿದಿದ್ದುದು ಮೊದಲ ತಂಡದಲ್ಲಿ ನೂರಕ್ಕೆ 29 ಮಂದಿಗೆ, ಉಳಿದೆರಡರಲ್ಲಿ 79 ಮತ್ತು 80 ಮಂದಿಗೆ. 2004ರಲ್ಲಿ ಪ್ರಕಟವಾದ ಈ ಫಲಿತಾಂಶ ಬೆರಗು ಹುಟ್ಟಿಸುವಂಥದೇ. ಆದರೆ 43 ಮಂದಿ ಎಂದರೆ ಒಂದು ಮದುವೆಮನೆಯ ಒಂದು ಪಂಕ್ತಿಯಷ್ಟೂ ಇಲ್ಲ.

2008ರಲ್ಲಿ ಪ್ರಕಟವಾದ ಮತ್ತೊಂದು ಪರೀಕ್ಷೆಯಲ್ಲಿ ರುವಾಂಡ, ಸೊಮಾಲಿಯಗಳ 277 ಮಂದಿಯಿದ್ದರು. ಉಪಚಾರ ಮಾಡಿದವರೂ ತರಬೇತಿ ಪಡೆದ ನಿರಾಶ್ರಿತರೇ. ಕಥೆ ಹೇಳಿಸಿದವರಲ್ಲಿ ನೂರಕ್ಕೆ ಸುಮಾರು 70, ಬೇರೊಂದು ಬಗೆಯ ಸಲಹೆ ಪಡೆದವರಲ್ಲಿ 65 ಮಂದಿ ವ್ಯಾಧಿಯಿಂದ ಬಿಡುಗಡೆ ಹೊಂದಿದ್ದರು. ಹಿಂದಿನ ಅಂತರ ಎಷ್ಟು ಕಿರಿದಾಯಿತು ನೋಡಿ! ಉಪಚಾರವಿಲ್ಲದೆ ಕೇವಲ ವಿಚಾರಿಸಿಕೊಂಡ ತಂಡದಲ್ಲಿಯೂ 37 ಮಂದಿಗೆ ವ್ಯಾಧಿ ಬಿಟ್ಟಿತ್ತು. ಆ ತಂಡವೇ ಇರದಿದ್ದರೆ ಎಪ್ಪತ್ತಕ್ಕೆ ಎಪ್ಪತ್ತೂ ಮದ್ದಿನ ಲೆಕ್ಕಕ್ಕೇ ಸೇರುತ್ತಿತ್ತು.

ಇನ್ನು ಬೈಲುಕುಪ್ಪೆಯ ಜನರ ಮಾತು. ಟಿಬೆಟ್ಟಿನ ವೈದ್ಯರು ಇಂಥ ಸಂಕಟವನ್ನು ‘ಸೋಗ್ ಲುಂಗ್’ ಎನ್ನುತ್ತಾರೆ: ಜೀವವಾಯು ಕದಡಿದ ಸ್ಥಿತಿ, ನಮ್ಮವರ ವಾತಪ್ರಕೋಪಕ್ಕೆ ನೆಂಟನೆನ್ನಬಹುದು. ಭಾರತದಲ್ಲಿನ ಟಿಬೆಟ್ಟಿನ ನಿರಾಶ್ರಿತರನ್ನು ಕುರಿತ 2001ರ ಒಂದು ಅಧ್ಯಯನದಲ್ಲಿ, ಎಲ್ಲಕ್ಕಿಂತ ಘೋರವೆಂದು ಅವರೆಣಿಸಿದ್ದು ಧರ್ಮಚಿಹ್ನೆಗಳ ನಾಶವನ್ನು ಕಣ್ಣಾರೆ ಕಂಡುದನ್ನು. ಯೂರೋಪಿನಲ್ಲಿ ಅಚ್ಚಾದ ಪ್ರಶ್ನಾವಳಿಯಲ್ಲಿ ಅದಕ್ಕೊಂದು ಸಾಲು ಇಲ್ಲದೆ ಹೋದರೆ, ಗುಣವಾಯಿತೆಂಬ ಗುರುತನ್ನು ಎಲ್ಲಿ ಹಾಕುವುದು?