ಒಂದು ಗೋಲು ಮುಂದಿದ್ದರೂ

ಕುರ್ಲಾದಿಂದ ಲೋಕಲ್‌ನಲ್ಲಿ ಘಾಟ್‌ಕೋಪರ್, ಅಲ್ಲಿಂದ ಮೆಟ್ರೋದಲ್ಲಿ ಆಜಾದ್ ನಗರ. ಇಳಿದರೆ ಅಂಧೇರಿಯ ಫುಟ್‌ಬಾಲ್ ಮೈದಾನ. 2024ರ ಅಕ್ಟೋಬರ್ 2ರಂದು ಅಲ್ಲಿ ನಮ್ಮ ಬೆಂಗಳೂರು ಎಫ್‌ಸಿ ಮುಂಬೈ ಜೊತೆ 0–0 ಡ್ರಾ ಮಾಡಿಕೊಂಡಿತು. ಸಪ್ಪೆ ಪಂದ್ಯ ಅನ್ನಿ, ನನಗಂತೂ ಹಬ್ಬ! ಹಿಂದಿನ ಡಿಸೆಂಬರ್‌ನಲ್ಲಿ ಇದೇ ಮುಂಬೈ ಕಂಠೀರವಕ್ಕೇ ಬಂದು ನಾಲ್ಕು ಗೋಲು ಹೊಡೆದು ಹೋಗಿತ್ತಲ್ಲ. ಮರುದಿನವೇ ಕೋಚ್ ಗ್ರೇಸನ್ ಹೊರಗೆ. ಈ ಸಲ ಮೊದಲ ಐದು ಪಂದ್ಯಗಳಲ್ಲಿ ಒಂದೂ ಗೋಲು ಬಿಟ್ಟುಕೊಟ್ಟಿರಲಿಲ್ಲ.

ಕೊಚ್ಚಿಯಲ್ಲಿ ಗೆದ್ದರೂ ಒಂದು ಬಿತ್ತು. ಆಮೇಲೆ ಗೋವಾದವರು ಮೂರು ಹೊಡೆದರು. ಹಳೆಯ ಭಯ ವಾಪಸ್. ಬ್ಯಾಕ್‌ಗಳು ಮುಂದೆ ಓಡಿದಾಗ ಆ ಜಾಗ ಕಾಯಬೇಕಾದವರು ಮಿಡ್‌ಫೀಲ್ಡರುಗಳು; ಬೈಗುಳ ಮಾತ್ರ ಯಾವಾಗಲೂ ಹಿಂದಿನ ನಾಲ್ವರಿಗೆ. (ನಾನೂ ಬೈದಿದ್ದೇನೆ.)

2025ರ ಏಪ್ರಿಲ್ 12, ಸಾಲ್ಟ್ ಲೇಕ್‌ನಲ್ಲಿ ಐಎಸ್‌ಎಲ್ ಫೈನಲ್. ಮೋಹನ್ ಬಗಾನ್‌ನವರೇ ತಮ್ಮ ಗೋಲಿಗೆ ಚೆಂಡು ಹಾಕಿಕೊಂಡು ನಮಗೆ 1–0 ಮುನ್ನಡೆ ಕೊಟ್ಟರು. ಟೀವಿ ಮುಂದೆ ನಾನು ಕೂರಲೇ ಇಲ್ಲ. "ಗೆಲ್ತಾ ಇದ್ದೀರಲ್ಲ, ಮತ್ಯಾಕೆ ಈ ಮುಖ?" ಅಂದಳು ಹೆಂಡತಿ. ಉತ್ತರ ಹೊಳೆಯುವಷ್ಟರಲ್ಲಿ 72ನೇ ನಿಮಿಷ: ಚಿಂಗ್ಲೆನ್‌ಸಾನ ಕೈಗೆ ಚೆಂಡು ತಗುಲಿ ಪೆನಾಲ್ಟಿ. ಹೆಚ್ಚುವರಿ ಸಮಯದಲ್ಲಿ ಮ್ಯಾಕ್ಲಾರನ್ ಇನ್ನೊಂದು ಹೊಡೆದ. 2–1. ಅವಳು ಮತ್ತೇನೂ ಕೇಳಲಿಲ್ಲ.