ಸೊನ್ನೆಯ ಪೂಜೆ ಸಾಕು

2015ರ ಏಪ್ರಿಲ್‌ನಲ್ಲಿ, ಮ್ಯಾನಿ ಪಕ್ವಿಯಾವ್ ಎದುರಿನ ಪಂದ್ಯ ಹತ್ತಿರ ಬಂದಾಗ, ಫ್ಲಾಯ್ಡ್ ಮೇವೆದರ್ ತಾನು ಮುಹಮ್ಮದ್ ಅಲಿಗಿಂತಲೂ ಶುಗರ್ ರೇ ರಾಬಿನ್ಸನ್‌ಗಿಂತಲೂ ದೊಡ್ಡ ಬಾಕ್ಸರ್ ಎಂದು ಹೇಳಿಕೊಂಡ. ಅವನ ಕೈಲಿದ್ದ ದೊಡ್ಡ ಪುರಾವೆ ಸೋಲಿನ ಲೆಕ್ಕದಲ್ಲಿದ್ದ ಸೊನ್ನೆ. ಹಳಬರ ಅಭಿಮಾನಿಗಳು ಕೆಂಡವಾದರು, ಹೊಸಬರ ಅಭಿಮಾನಿಗಳು ಚಪ್ಪಾಳೆ ತಟ್ಟಿದರು. ಆ ಜಗಳ ಇಂದಿಗೂ ನಿಂತಿಲ್ಲ, ಹೆಸರುಗಳು ಮಾತ್ರ ಬದಲಾಗಿವೆ. ಈಗ ಒಲೆಕ್ಸಾಂಡರ್ ಉಸಿಕ್, ಟೆರೆನ್ಸ್ ಕ್ರಾಫರ್ಡ್ ಅವರನ್ನು ಹಿಡಿದು ಅದೇ ಪ್ರಶ್ನೆ: ಇವರು ಆಗಿನವರ ಎದುರು ನಿಲ್ಲುತ್ತಿದ್ದರೇ?

ಇದು ಉತ್ತರವೇ ಇಲ್ಲದ ಪ್ರಶ್ನೆ. ಉತ್ತರ ಹುಡುಕಹೊರಟವರು ನಗೆಪಾಟಲಾಗಿದ್ದಾರೆ. 1969ರಲ್ಲಿ ಮರ್ರಿ ವೊರೊನರ್ ಎಂಬ ಅಮೆರಿಕದ ನಿರ್ಮಾಪಕ, ರಾಕಿ ಮಾರ್ಸಿಯಾನೊ ಮತ್ತು ಅಲಿ ಸೆಣಸಿದರೆ ಯಾರು ಗೆಲ್ಲುತ್ತಾರೆಂದು ಕಂಪ್ಯೂಟರಿಗೆ ಲೆಕ್ಕ ಊಡಿಸಿದ. ನಿವೃತ್ತನಾಗಿ ಹದಿಮೂರು ವರ್ಷ ಕಳೆದಿದ್ದ ಮಾರ್ಸಿಯಾನೊ ತೂಕ ಇಳಿಸಿ, ವಿಗ್ ಧರಿಸಿ ಬಂದ. ವಿಯೆಟ್ನಾಂ ಯುದ್ಧಕ್ಕೆ ಸೇರಲು ನಿರಾಕರಿಸಿ ಪಟ್ಟ, ಪರವಾನಗಿ ಎರಡನ್ನೂ ಕಳೆದುಕೊಂಡಿದ್ದ ಅಲಿ ದುಡ್ಡಿಗಾಗಿ ಬಂದ. ಇಬ್ಬರೂ ಕ್ಯಾಮೆರಾ ಮುಂದೆ ಹೊಡೆದಾಟ ನಟಿಸಿದರು. 1970ರ ಜನವರಿಯಲ್ಲಿ ಅಮೆರಿಕದ ಚಿತ್ರಮಂದಿರಗಳಲ್ಲಿ ಕಂಡದ್ದು 13ನೇ ಸುತ್ತಿನಲ್ಲಿ ಅಲಿ ನಾಕೌಟ್ ಆಗುವ ದೃಶ್ಯ. ಯುರೋಪಿನ ಪ್ರೇಕ್ಷಕರಿಗೆ ಅಲಿಯೇ ಗೆಲ್ಲುವ ಬೇರೊಂದು ಅಂತ್ಯವಿತ್ತು. ಯಾರಿಗೆ ಯಾವ ವೀರ ಬೇಕೋ ಅವರಿಗೆ ಆ ಫಲಿತಾಂಶ. ಇಂದಿನ ವಾದಗಳೂ ಹೆಚ್ಚುಕಡಿಮೆ ಹೀಗೆಯೇ ನಡೆಯುತ್ತವೆ, ಕಂಪ್ಯೂಟರ್ ಒಂದಿಲ್ಲ ಅಷ್ಟೇ.

ಮೈಕಟ್ಟು ನೋಡಿದರೂ ಹೋಲಿಕೆ ಕುಸಿಯುತ್ತದೆ. ಮಾರ್ಸಿಯಾನೊ ತೂಗುತ್ತಿದ್ದದ್ದು ಸುಮಾರು 84 ಕಿಲೋ. ಇವತ್ತಾಗಿದ್ದರೆ ಅವನಿಗೆ ಹೆವಿವೇಟ್‌ಗಿಂತ ಕೆಳಗಿನ ಕ್ರೂಸರ್‌ವೇಟ್ ವರ್ಗವೇ ಸರಿಹೊಂದುತ್ತಿತ್ತು. ಆಗ ಪಟ್ಟದ ಪಂದ್ಯ 15 ಸುತ್ತು. 1982ರಲ್ಲಿ ರೇ ಮ್ಯಾನ್ಸಿನಿ ಎದುರು 14ನೇ ಸುತ್ತಿನಲ್ಲಿ ಬಿದ್ದ ಕೊರಿಯಾದ ಡುಕ್ ಕೂ ಕಿಮ್ ತೀರಿಕೊಂಡ ಬಳಿಕ ಅದು 12ಕ್ಕೆ ಇಳಿಯಿತು. ಆಗ ಪಂದ್ಯದ ದಿನವೇ ತೂಕ ನೋಡುತ್ತಿದ್ದರು. ಈಗ ಹಿಂದಿನ ದಿನ ತೂಗಿ, ರಾತ್ರಿ ಕಳೆಯುವುದರೊಳಗೆ ಕಿಲೋಗಟ್ಟಲೆ ಮೈ ತುಂಬಿಸಿಕೊಂಡು ಬರುತ್ತಾರೆ.

ಹಾಗಾದರೆ ಹೋಲಿಸಲೇಬಾರದೇ? ಹೋಲಿಸಬಹುದು. ಕೇಳಬೇಕಾದ ಪ್ರಶ್ನೆ ಬೇರೆ: ತನ್ನ ಕಾಲದ ಅತಿ ಅಪಾಯಕಾರಿ ಎದುರಾಳಿಯನ್ನು ಈತ ಎದುರಿಸಿದನೇ? ಎದುರಿಸಿದ್ದರೆ ಯಾವಾಗ?

ರಾಬಿನ್ಸನ್‌ನನ್ನು ಇಲ್ಲಿ ನಿಲ್ಲಿಸಿ ನೋಡಿ. ಮೊದಲ 40 ಪಂದ್ಯ ಗೆದ್ದವನು 1943ರ ಫೆಬ್ರುವರಿಯಲ್ಲಿ ಡೆಟ್ರಾಯಿಟ್‌ನಲ್ಲಿ ತನಗಿಂತ ಸುಮಾರು 7 ಕಿಲೋ ಹೆಚ್ಚು ತೂಕದ ಜೇಕ್ ಲಮೋಟಾ ಎದುರು ಸೋತ. ಮೂರೇ ವಾರದಲ್ಲಿ ಅದೇ ಊರಿನಲ್ಲಿ ಅದೇ ಲಮೋಟಾನನ್ನು ಸೋಲಿಸಿದ. ಒಟ್ಟು ಆರು ಸಲ ಸೆಣಸಿ ಐದು ಸಲ ಗೆದ್ದ. 1952ರ ಜೂನ್‌ನಲ್ಲಿ ನ್ಯೂಯಾರ್ಕ್‌ನ ಯಾಂಕಿ ಸ್ಟೇಡಿಯಂನಲ್ಲಿ ಲೈಟ್ ಹೆವಿವೇಟ್ ಪಟ್ಟಕ್ಕೂ ಕೈಹಾಕಿದ. ರೆಫರಿಯೇ ಬಸವಳಿದು ಹೊರನಡೆದ ಆ ಸೆಕೆಯಲ್ಲಿ, ಅಂಕಗಳಲ್ಲಿ ಮುಂದಿದ್ದೂ 14ನೇ ಸುತ್ತಿಗೆ ಏಳಲಾಗದೆ ಜೋಯಿ ಮ್ಯಾಕ್ಸಿಮ್‌ಗೆ ಸೋತ. ಅವನ ಲೆಕ್ಕದಲ್ಲಿ 174 ಗೆಲುವು, 19 ಸೋಲು. ಆ 19ರಲ್ಲಿ ಬಹುಪಾಲು ವಯಸ್ಸು ಮೀರಿದ ಮೇಲಿನವು. ಉಳಿದವು ಅವನು ಹುಡುಕಿಕೊಂಡು ಹೋದ ಅಪಾಯಕ್ಕೆ ತೆತ್ತ ಬೆಲೆ. ಅವನ್ನು ಕಳಂಕ ಎನ್ನುವವರಿಗೆ ಈ ಆಟದ ಗಂಧವಿಲ್ಲ.

ಈಗ ಮೇವೆದರ್. ಅವನ ರಕ್ಷಣಾ ಕೌಶಲ ಅಪರೂಪದ್ದು, ಅದರಲ್ಲಿ ಎರಡು ಮಾತಿಲ್ಲ. 2001ರಲ್ಲಿ ಡಿಯೆಗೊ ಕೊರಾಲೆಸ್‌ನನ್ನು, 2013ರಲ್ಲಿ ಎಳೆಯ ಕನೇಲೊ ಅಲ್ವಾರೆಸ್‌ನನ್ನು ಸೋಲಿಸಿದ್ದು ಸಾಮಾನ್ಯ ಸಾಧನೆಯಲ್ಲ. ಆದರೆ ಪಕ್ವಿಯಾವ್ ಪಂದ್ಯದ ಮಾತು ಎದ್ದದ್ದು 2009ರಲ್ಲಿ. ಉದ್ದೀಪನ ಮದ್ದು ಪತ್ತೆಯ ರಕ್ತ ಪರೀಕ್ಷೆ ಕುರಿತ ವಿವಾದದಲ್ಲಿ ಅದು ಮುರಿದುಬಿತ್ತು. ತಪ್ಪು ಯಾರದೇ ಇರಲಿ, ಪಂದ್ಯ ನಡೆದದ್ದು 2015ರ ಮೇ 2ರಂದು. ಅಷ್ಟರಲ್ಲಿ ಪಕ್ವಿಯಾವ್‌ಗೆ 36 ವರ್ಷ, ಹುವಾನ್ ಮಾನುಯೆಲ್ ಮಾರ್ಕೆಸ್ ಕೈಯಲ್ಲಿ ನೆಲಕಚ್ಚಿಯೂ ಆಗಿತ್ತು. ಮಾರ್ಸಿಯಾನೊನ 49–0 ದಾಖಲೆ ದಾಟಲು ಬೇಕಿದ್ದ 50ನೇ ಗೆಲುವು ಬಂದದ್ದು 2017ರಲ್ಲಿ, ವೃತ್ತಿಪರ ಬಾಕ್ಸಿಂಗ್‌ನಲ್ಲಿ ಅದುವರೆಗೆ ಒಂದೂ ಪಂದ್ಯ ಆಡದ ಕೊನರ್ ಮೆಕ್‌ಗ್ರೆಗರ್ ಎದುರು. ಇಂಥ ಸಂಖ್ಯೆಯನ್ನು ರಾಬಿನ್ಸನ್‌ನ ಪಕ್ಕ ಇಡಲು ನಾಚಿಕೆಯಾಗಬೇಕು.

ತಪ್ಪು ಒಬ್ಬನದೇ ಅಲ್ಲ, ವ್ಯವಸ್ಥೆಯದು. ಹಿಂದೆ ಎಂಟು ತೂಕದ ವರ್ಗ, ವರ್ಗಕ್ಕೊಬ್ಬ ಚಾಂಪಿಯನ್. ಈಗ ಕನಿಷ್ಠ 17 ವರ್ಗ, ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್, ಡಬ್ಲ್ಯುಬಿಒ ಎಂಬ ನಾಲ್ಕು ಸಂಸ್ಥೆಗಳು. ಏಕಕಾಲಕ್ಕೆ ಕನಿಷ್ಠ 68 ಮಂದಿ ‘ವಿಶ್ವ ಚಾಂಪಿಯನ್’ ಎನಿಸಿಕೊಳ್ಳಬಹುದು, ಪಕ್ಕದ ಬೆಲ್ಟಿನವನ ಮುಖ ನೋಡದೆಯೇ ನಿವೃತ್ತರಾಗಬಹುದು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆ ನಮ್ಮದು. ಈಗಿನ ಜಟ್ಟಿಗಳು ಮೀಸೆಗೆ ಮಣ್ಣಾದೀತೆಂದು ಅಖಾಡಕ್ಕೇ ಇಳಿಯುವುದಿಲ್ಲ. ಟಿ.ವಿ. ಕಂಪನಿಗಳೂ ಪ್ರೊಮೋಟರ್‌ಗಳೂ ಸೊನ್ನೆಗೇ ಬೆಲೆ ಕಟ್ಟುವಾಗ, ಒಂದು ಸೋಲಿಗೆ ಮಾರುಕಟ್ಟೆ ಬಿದ್ದುಹೋಗುವಾಗ, ಬಾಕ್ಸರ್ ಜಾಗ್ರತೆ ವಹಿಸುವುದು ಸಹಜವೇ. ಆ ಜಾಗ್ರತೆಯನ್ನು ಶ್ರೇಷ್ಠತೆ ಎಂದು ಮಾರಬಾರದು, ಅಷ್ಟೇ.

ಇಷ್ಟು ಹೇಳಿದ್ದಕ್ಕೆ ಹಳಬರ ಭಕ್ತರು ಬೀಗಬೇಕಿಲ್ಲ. ಅವರು ಹಾಡಿಹೊಗಳುವ ಕಾಲದಲ್ಲೂ ತಪ್ಪಿಸಿಕೊಳ್ಳುವಿಕೆ ಇತ್ತು, ಅದಕ್ಕೆ ನೆಪ ಮೈಬಣ್ಣ. ಜಿಮ್ ಜೆಫ್ರೀಸ್ ಪಟ್ಟದಲ್ಲಿದ್ದಾಗ ಕರಿಯ ಬಾಕ್ಸರ್ ಜ್ಯಾಕ್ ಜಾನ್ಸನ್‌ಗೆ ಅವಕಾಶವನ್ನೇ ಕೊಡಲಿಲ್ಲ. 1908ರಲ್ಲಿ ಸಿಡ್ನಿಯಲ್ಲಿ ಜಾನ್ಸನ್ ಪಟ್ಟ ಗೆದ್ದಾಗ ಸಹಿಸಲಾರದ ಬಿಳಿಯರು ನಿವೃತ್ತ ಜೆಫ್ರೀಸ್‌ನನ್ನು ಮತ್ತೆ ಎಳೆದು ತಂದರು. 1910ರ ಜುಲೈ 4ರಂದು ರೀನೊ ಪಟ್ಟಣದಲ್ಲಿ ಹಳೆಯ ಕಾಲ ಹೊಸ ಕಾಲದ ಎದುರು ನಿಜಕ್ಕೂ ತೊಡೆ ತಟ್ಟಿತು, 15ನೇ ಸುತ್ತಿನಲ್ಲಿ ಮಣ್ಣುಮುಕ್ಕಿತು. ಆಮೇಲೆ ಅಮೆರಿಕದ ಊರೂರುಗಳಲ್ಲಿ ಕರಿಯರ ಮೇಲೆ ದಾಳಿಗಳಾದವು. ಅದೇ ಜಾನ್ಸನ್ ಪಟ್ಟಕ್ಕೇರಿದ ಮೇಲೆ ಸ್ಯಾಮ್ ಲ್ಯಾಂಗ್‌ಫರ್ಡ್ ಎಂಬ ಕರಿಯ ಪ್ರಚಂಡನನ್ನು ದೂರವಿಟ್ಟ. 1919ರಿಂದ 1926ರವರೆಗೆ ಪಟ್ಟದಲ್ಲಿದ್ದ ಜ್ಯಾಕ್ ಡೆಂಪ್ಸಿ ಕರಿಯ ಬಾಕ್ಸರ್ ಹ್ಯಾರಿ ವಿಲ್ಸ್‌ನನ್ನು ಒಮ್ಮೆಯೂ ಎದುರಿಸಲಿಲ್ಲ. ನಾನು ಎತ್ತಿ ಹಿಡಿದ ರಾಬಿನ್ಸನ್ ಕೂಡ ತನ್ನ ಕಾಲದ ಅಪಾಯಕಾರಿ ಬಾಕ್ಸರ್ ಚಾರ್ಲಿ ಬರ್ಲಿ ಜೊತೆ ರಿಂಗಿಗೆ ಇಳಿದವನಲ್ಲ. ಮಾರ್ಸಿಯಾನೊ ಸೋಲಿಸಿದ ಜೋ ಲೂಯಿಸ್‌ಗೆ ಆಗ 37 ವರ್ಷ, ಜೆರ್ಸಿ ಜೋ ವಾಲ್ಕಾಟ್‌ಗೆ 38. ಪುಣ್ಯಕಾಲದ ಪಟ್ಟಿಯಲ್ಲಿ ಇಂಥ ತೂತುಗಳು ಬೇಕಾದಷ್ಟಿವೆ.

ಇನ್ನೊಂದು ಆಕ್ಷೇಪ ಸದಾ ಬರುತ್ತದೆ: ಆಗಿನವರು ನೂರಿನ್ನೂರು ಪಂದ್ಯ ಆಡಿದರು, ಈಗಿನವರದು ಇಪ್ಪತ್ತು ಮೂವತ್ತು. ನಿಜ, ಆದರೆ ಆ ಸಂಖ್ಯೆಗೆ ತೆತ್ತದ್ದೇನು ಎಂಬುದನ್ನೂ ಹೇಳಬೇಕಲ್ಲ? ರಾಬಿನ್ಸನ್ ಕೊನೆಗಾಲದಲ್ಲಿ ಅಲ್ಜೈಮರ್ಸ್‌ಗೆ ತುತ್ತಾಗಿ ನೆನಪು ಕಳೆದುಕೊಂಡ. ಅಲಿಗೆ 42ರ ವಯಸ್ಸಿಗೇ ಪಾರ್ಕಿನ್ಸನ್ ಕಾಯಿಲೆಯಿದೆ ಎಂದು ವೈದ್ಯರು ಹೇಳಿದರು. ಈ ಪಂದ್ಯಗಳ ರಾಶಿಯನ್ನು ಇಂದಿನ ಹುಡುಗರಿಂದ ಕೇಳುವುದು ಕ್ರೌರ್ಯ. ಕಡಿಮೆ ಆಡಲಿ, ಆಡುವಾಗ ಸರಿಸಮನಾದವನೊಂದಿಗೆ ಆಡಲಿ.

ಹಾಗೆ ಆಡಿ ತೋರಿಸಿದವನು ಉಸಿಕ್. ಉಕ್ರೇನಿನ ಈತ ಪಟ್ಟಗಳಿಗಾಗಿ ಎದುರಾಳಿಗಳ ಮನೆಬಾಗಿಲಿಗೇ ಹೋದ. ಪೋಲೆಂಡಿನಲ್ಲಿ ಗ್ಲೊವಾಟ್ಸ್ಕಿ, ರೀಗಾದಲ್ಲಿ ಬ್ರಿಯೆಡಿಸ್, ಮಾಸ್ಕೋದಲ್ಲಿ ಗಾಸಿಯೆವ್, ಲಂಡನ್‌ನಲ್ಲಿ ಆಂಟನಿ ಜೋಶುವಾ. 2018ರಲ್ಲಿ ಕ್ರೂಸರ್‌ವೇಟ್‌ನ ನಾಲ್ಕೂ ಬೆಲ್ಟ್ ಅವನವಾದವು. 2024ರ ಮೇ 18ರಂದು ರಿಯಾದ್‌ನಲ್ಲಿ ಟೈಸನ್ ಫ್ಯೂರಿಯನ್ನು ಸೋಲಿಸಿ, 1999ರ ಲೆನಾಕ್ಸ್ ಲೂಯಿಸ್ ಬಳಿಕ ಹೆವಿವೇಟ್‌ನ ಮೊದಲ ನಿರ್ವಿವಾದ ಚಾಂಪಿಯನ್ ಆದ. ಡಿಸೆಂಬರಿನಲ್ಲಿ ತನಗಿಂತ ಸುಮಾರು 25 ಕಿಲೋ ಹೆಚ್ಚು ತೂಗಿದ ಅದೇ ಫ್ಯೂರಿಯನ್ನು ಮತ್ತೆ ಮಣಿಸಿದ. ಅವನ ಲೆಕ್ಕದಲ್ಲೂ ಸೋಲಿನ ಜಾಗದಲ್ಲಿ ಸೊನ್ನೆಯಿದೆ. ಆದರೆ ಆ ಸೊನ್ನೆಯನ್ನು ಅವನು ಪ್ರತಿ ಪಂದ್ಯದಲ್ಲೂ ಪಣಕ್ಕಿಟ್ಟ.

ಆದ್ದರಿಂದ ನನ್ನ ತೀರ್ಪು ಸ್ಪಷ್ಟ. ಉಸಿಕ್ ಹಳೆಯ ದೊಡ್ಡವರ ಸಾಲಿನಲ್ಲಿ ಕೂರಲು ಅರ್ಹ, ಅವನ ಕಾಲವನ್ನು ನೆಪ ಮಾಡಿ ಕೆಳಗಿಳಿಸುವುದು ಅನ್ಯಾಯ. ಮೇವೆದರ್ ಮಹಾ ಕುಶಲಿ, ಆದರೆ ಅಲಿ, ರಾಬಿನ್ಸನ್‌ಗಿಂತ ಕೆಳಗೆ. ಡೆಂಪ್ಸಿಯ ಹೆಸರು ಎತ್ತಿದಾಗಲೆಲ್ಲ ಹ್ಯಾರಿ ವಿಲ್ಸ್ ಹೆಸರನ್ನೂ ಎತ್ತಬೇಕು. ನಾಳೆ ಇನ್ನೊಬ್ಬ ಚಾಂಪಿಯನ್ ತಾನೇ ಸಾರ್ವಕಾಲಿಕ ಶ್ರೇಷ್ಠನೆಂದು ಎದೆ ತಟ್ಟಿಕೊಂಡು ಬಂದಾಗ, ಎಷ್ಟು ಗೆದ್ದೆ ಎಂದು ಕೇಳುವ ಮೊದಲು ಯಾರನ್ನು ಬಿಟ್ಟೆ ಎಂದು ಕೇಳೋಣ.